ಅಮಾನತ್ತಿನ ಹಸುವಿಗೆ ಮೇವು ಹಾಕುವವರಾರು?

‘ಈ ಕಲೆ ಉಳಿಯಬೇಕು.’ ಕರಕುಶಲ ವಸ್ತುಗಳ ಮೇಳಗಳಲ್ಲಿ, ಉದ್ಘಾಟನಾ ಭಾಷಣಗಳಲ್ಲಿ, ಪತ್ರಿಕೆಗಳ ಪುರವಣಿಗಳಲ್ಲಿ ನಾವು ಮತ್ತೆ ಮತ್ತೆ ಕೇಳುವ ಮಾತು ಇದು. ಇದನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಆದರೆ ಈ ವಾಕ್ಯದ ಮುಂದೆ ಸ್ವಲ್ಪ ನಿಂತು ನೋಡಿದರೆ ಅದರೊಳಗೆ ಒಂದು ಜಾಣತನ ಅಡಗಿರುವುದು ಕಾಣುತ್ತದೆ. ಕಲೆ ಉಳಿಯಬೇಕು, ಸರಿ, ಉಳಿಸಬೇಕಾದವರು ಯಾರು? ವಾಕ್ಯದಲ್ಲಿ ಅವರ ಹೆಸರಿಲ್ಲ. ಹೇಳಿದವರು ತಾವು ಉಳಿಸುತ್ತೇವೆಂದು ಹೇಳಿಲ್ಲ. ಕೇಳಿ ಚಪ್ಪಾಳೆ ತಟ್ಟಿದವರೂ ಒಪ್ಪಿಕೊಂಡಿಲ್ಲ. ಕೊನೆಗೆ ಆ ಭಾರ ಸದ್ದಿಲ್ಲದೆ ಹೋಗಿ ಬೀಳುವುದು ಒಬ್ಬ ಕುಶಲಕರ್ಮಿಯ ಮಗನ ಹೆಗಲ ಮೇಲೆ. ಅವನು ಮುಂದುವರಿಸಿದರೆ ‘ಪರಂಪರೆಯ ಕುಡಿ’ ಎನ್ನುತ್ತೇವೆ. ಬಿಟ್ಟುಹೋದರೆ ‘ಈಗಿನ ಹುಡುಗರಿಗೆ ಆಸಕ್ತಿಯಿಲ್ಲ’ ಎಂದು ನಿಟ್ಟುಸಿರು ಬಿಡುತ್ತೇವೆ. ಈ ಹೊಗಳಿಕೆಯಾಗಲಿ ಆಕ್ಷೇಪವಾಗಲಿ ನ್ಯಾಯವೇ ಎಂಬುದು ಇಲ್ಲಿನ ಪ್ರಶ್ನೆ.

ಮೈಸೂರಿನ ಬೀಟೆ ಮರದ ಇನ್‌ಲೇ ಚಿತ್ರಗಳನ್ನು ನೋಡದ ಕನ್ನಡಿಗರು ಕಡಿಮೆ. ಬ್ಯಾಂಕಿನ ಗೋಡೆಯಲ್ಲಿ, ನಿವೃತ್ತಿಯ ದಿನ ಕೊಡುವ ಉಡುಗೊರೆಯಲ್ಲಿ, ಸರ್ಕಾರದ ಕಾವೇರಿ ಮಳಿಗೆಯಲ್ಲಿ ಅವು ಕಣ್ಣಿಗೆ ಬಿದ್ದೇ ಇರುತ್ತವೆ. ದಸರಾ ಆನೆ, ಹಳ್ಳಿಯ ಬಾವಿಕಟ್ಟೆ, ಗೀತೋಪದೇಶ, ನವಿಲು, ಸಂಜೆಯ ನದಿ. ದೂರದಿಂದ ಬಣ್ಣ ಬಳಿದ ಚಿತ್ರದಂತೆ ಕಾಣುವ ಇವುಗಳಲ್ಲಿ ಬಣ್ಣ ಬಳಿಯುವ ಕೆಲಸವಿಲ್ಲ. ಹಳದಿಗೆ ಹಲಸು, ಹೊಂಬಣ್ಣದ ಕಂದಿಗೆ ತೇಗ, ನೇರಳೆ ಬೆರೆತ ಕಪ್ಪಿಗೆ ಬೀಟೆ. ಹೀಗೆ ಮರದ ಸಹಜ ಬಣ್ಣವೇ ಚಿತ್ರದ ಬಣ್ಣ. ಮೊದಲು ಕಾಗದದ ಮೇಲೆ ಚಿತ್ರ ಬರೆದು, ಅದನ್ನು ತುಂಡು ತುಂಡಾಗಿ ವಿಂಗಡಿಸಿ, ಪ್ರತಿ ತುಂಡಿಗೂ ತಕ್ಕ ಮರದ ತೆಳು ಪದರವನ್ನು ಆರಿಸುತ್ತಾರೆ. ದಾರದಷ್ಟು ಸಪೂರ ಅಲಗಿನ ಗರಗಸದಿಂದ ಆ ಆಕಾರಗಳನ್ನು ಕೊಯ್ಯುತ್ತಾರೆ. ಬೀಟೆಯ ಹಲಗೆಯಲ್ಲಿ ಅದೇ ಆಕಾರದ ಗುಳಿಯನ್ನು ಉಳಿಯಿಂದ ತೋಡಿ, ತುಂಡುಗಳನ್ನು ಅಂಟು ಹಚ್ಚಿ ಕೂರಿಸುತ್ತಾರೆ. ಉಪ್ಪುಕಾಗದದಿಂದ ತಿಕ್ಕಿ ಮಟ್ಟ ಮಾಡಿದ ಮೇಲೆ ಕಣ್ಣು, ಮೂಗು, ಸೀರೆಯ ನೆರಿಗೆಗಳ ಸೂಕ್ಷ್ಮ ಗೆರೆಗಳನ್ನು ಕೊರೆಯುತ್ತಾರೆ. ಕೊನೆಗೆ ಪಾಲಿಶ್.

ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಬಹುದು. ಬರೆದಿಡಲಾಗದ್ದು ಬೇರೆ ಇದೆ. ಮರದೊಳಗಿನ ಎಳೆಗಳು ಒಂದೊಂದು ತುಂಡಿನಲ್ಲಿ ಒಂದೊಂದು ರೀತಿ. ಯಾವ ತುಂಡಿನ ಎಳೆ ನೀರಿನ ತೆರೆಯಂತೆ ಕಾಣುತ್ತದೆ, ಯಾವುದು ಮೋಡದಂತೆ, ಯಾವುದು ಉತ್ತ ಹೊಲದಂತೆ ಎಂದು ಗುರುತಿಸಬೇಕು. ಹಲಸಿನ ಹಳದಿ ವರ್ಷಗಳು ಕಳೆದಂತೆ ಕಂದು ತಿರುಗುತ್ತದೆ. ಇಂದು ಚೆನ್ನಾಗಿ ಕಾಣುವ ಜೋಡಣೆ ಇಪ್ಪತ್ತು ವರ್ಷಗಳ ನಂತರ ಹೇಗೆ ಕಂಡೀತು ಎಂಬುದನ್ನು ಇಂದೇ ಅಂದಾಜು ಮಾಡಬೇಕು. ಇದು ಕೈಯ ಕೆಲಸಕ್ಕಿಂತ ಹೆಚ್ಚಾಗಿ ಕಣ್ಣಿನ ಕೆಲಸ. ಕಣ್ಣು ಪಳಗುವುದು ಪಳಗಿದವರ ಪಕ್ಕದಲ್ಲಿ ವರ್ಷಗಟ್ಟಲೆ ಕುಳಿತಾಗ ಮಾತ್ರ. ಹಾಗೆ ಕುಳಿತವರು ಸಾಮಾನ್ಯವಾಗಿ ಮಕ್ಕಳು, ತಮ್ಮಂದಿರು, ಅಳಿಯಂದಿರು ಆಗಿದ್ದುದರಿಂದ ಈ ವಿದ್ಯೆ ಮನೆತನದ ಸೊತ್ತಿನಂತೆ ಬಂತು.

ಈ ಕಲೆ ಪರ್ಷಿಯಾದ ಕಡೆಯಿಂದ ಬಂದಿತೆಂಬ ಮಾತು ಕುಶಲಕರ್ಮಿಗಳಲ್ಲಿ ಪ್ರಚಲಿತವಾಗಿದೆ. ಮೈಸೂರಿನಲ್ಲಿ ಅದಕ್ಕೆ ಅರಮನೆಯ ಆಶ್ರಯ ದೊರೆಯಿತು. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ ಕಟ್ಟಲಾರಂಭಿಸಿ 1912ರಲ್ಲಿ ಮುಗಿದ ಈಗಿನ ಅರಮನೆಯ ಅಂಬಾವಿಲಾಸದಲ್ಲಿ ಬೀಟೆ ಮರಕ್ಕೆ ಆನೆದಂತ ಕೂರಿಸಿದ ಬಾಗಿಲನ್ನು ಇಂದಿಗೂ ನೋಡಬಹುದು. ಅಂದಿನ ಇನ್‌ಲೇ ಎಂದರೆ ದಂತದ ಇನ್‌ಲೇ. ಕಪ್ಪು ಮರದ ಮೇಲೆ ಬಿಳಿಯ ಬಳ್ಳಿ.

ಈಗ ಒಂದು ಮನೆಯನ್ನು ಊಹಿಸಿಕೊಳ್ಳಿ. ಅಜ್ಜ ದಂತದಲ್ಲಿ ಪಳಗಿದವರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1986ರ ತಿದ್ದುಪಡಿಯಿಂದ ಭಾರತದ ಆನೆಯ ದಂತದ ವ್ಯಾಪಾರ ನಿಂತಿತು. 1991ರಲ್ಲಿ ಆಫ್ರಿಕದಿಂದ ತರಿಸಿದ ದಂತಕ್ಕೂ ಬಾಗಿಲು ಮುಚ್ಚಿತು. ಅಜ್ಜನ ಕೈಯಲ್ಲಿದ್ದ ವಸ್ತುವೇ ಕಾನೂನುಬಾಹಿರವಾಯಿತು. ಅದು ಸರಿಯಾದ ಕಾನೂನೇ. ಆನೆಯ ಪ್ರಾಣಕ್ಕಿಂತ ಯಾವ ಅಲಂಕಾರವೂ ದೊಡ್ಡದಲ್ಲ. ಮಗ ದಂತದ ಬದಲು ಪ್ಲಾಸ್ಟಿಕ್ ಕೂರಿಸಿ ನೋಡಿದ. ಜತೆಗೆ ಬೇರೆ ಬೇರೆ ಮರಗಳ ಬಣ್ಣಗಳನ್ನೇ ಹೆಚ್ಚು ಹೆಚ್ಚು ನೆಚ್ಚಿಕೊಂಡ. ಕಪ್ಪು ಬಿಳುಪಿನ ಬಳ್ಳಿಗಳ ಜಾಗದಲ್ಲಿ ಭೂದೃಶ್ಯಗಳು, ಜನಜೀವನದ ಚಿತ್ರಗಳು ತುಂಬಿಕೊಂಡವು.

ಇಲ್ಲಿ ಮುಂದುವರಿದದ್ದು ಏನು? ವಸ್ತು ಬದಲಾಯಿತು. ಚಿತ್ರ ಬದಲಾಯಿತು. ಗಿರಾಕಿಯೂ ಬದಲಾದ, ಅರಮನೆಯ ಬದಲು ಪ್ರವಾಸಿ ಬಂದ. ಆದರೂ ನಾವು ಅದನ್ನು ಒಂದೇ ಪರಂಪರೆ ಎನ್ನುತ್ತೇವೆ, ಹಾಗೆನ್ನುವುದು ತಪ್ಪಲ್ಲ. ಅಜ್ಜನಿಂದ ಮಗನಿಗೆ ದಾಟಿದ್ದು ದಂತವಲ್ಲ, ದಂತದಲ್ಲಿ ಬಿಡಿಸಿದ ಬಳ್ಳಿಯೂ ಅಲ್ಲ. ಎರಡು ವಸ್ತುಗಳ ನಡುವೆ ಕೂದಲೆಳೆಯ ಸಂದೂ ಉಳಿಯಬಾರದೆಂಬ ಹಟ, ಅದನ್ನು ಸಾಧಿಸುವ ಕೈ, ತಕ್ಕ ತುಂಡನ್ನು ಆರಿಸುವ ಕಣ್ಣು. ‘ಮೊದಲಿನ ಹಾಗೆಯೇ ಇರಬೇಕು’ ಎಂದು ಹಟ ಹಿಡಿದಿದ್ದರೆ ಈ ಪರಂಪರೆ ಅಜ್ಜನ ಕಾಲಕ್ಕೇ ಮುಗಿಯುತ್ತಿತ್ತು.

ಪವಿತ್ರ ಕುರ್‌ಆನಿನ ಮರ್ಯಮ್ ಅಧ್ಯಾಯದಲ್ಲಿ ಪ್ರವಾದಿ ಝಕರಿಯ್ಯಾ(ಅ)ರ ಪ್ರಾರ್ಥನೆಯೊಂದಿದೆ. ಎಲುಬುಗಳು ಸೋತು, ತಲೆ ನರೆತ ವಯಸ್ಸಿನಲ್ಲಿ ಅವರು ತಮಗೊಬ್ಬ ಉತ್ತರಾಧಿಕಾರಿ ಬೇಕೆಂದು ಬೇಡುತ್ತಾರೆ. ಝಕರಿಯ್ಯಾ(ಅ) ಬಡಗಿಯಾಗಿದ್ದರೆಂದು ಹದೀಸ್ ಹೇಳುತ್ತದೆ. ಹಾಗಾದರೆ ಅವರು ಕೇಳಿದ್ದು ತನ್ನ ಉಳಿ, ಬಾಚಿಗಳನ್ನು ಎತ್ತಿಕೊಳ್ಳುವ ಮಗನನ್ನೇ? ವ್ಯಾಖ್ಯಾನಕಾರ ಇಬ್ನ್ ಕಸೀರ್ ಹಾಗೆ ಅರ್ಥೈಸುವುದಿಲ್ಲ. ಕೈದುಡಿಮೆಯಿಂದ ಉಣ್ಣುತ್ತಿದ್ದ ಬಡಗಿಯ ಬಳಿ ಬಿಟ್ಟುಹೋಗುವಂತಹ ಆಸ್ತಿ ಇರಲಿಲ್ಲ. ಅವರು ಕೇಳಿದ್ದು ಪ್ರವಾದಿತ್ವದ ಉತ್ತರಾಧಿಕಾರವನ್ನು ಎಂಬುದು ಅವರ ವಿವರಣೆ. ತಂದೆಯ ಕಸುಬಿಗೆ ಗೌರವವಿದೆ. ಆದರೆ ಮಗ ಯಹ್ಯಾ(ಅ) ಬಡಗಿಯಾಗಲೇಬೇಕೆಂಬ ಬೇಡಿಕೆ ಆ ಪ್ರಾರ್ಥನೆಯಲ್ಲಿಲ್ಲ. ತಂದೆ ಮಗನಿಗೆ ದಾಟಿಸಬೇಕಾದುದು ಯಾವುದು, ಮಗನ ಆಯ್ಕೆಗೆ ಬಿಡಬೇಕಾದುದು ಯಾವುದು ಎಂಬ ವಿವೇಕಕ್ಕೆ ಇದು ಒಂದು ದಾರಿ ತೋರಿಸುತ್ತದೆ.

ನಾವು ಊಹಿಸಿಕೊಂಡ ಮನೆಯ ಮೂರನೆಯ ತಲೆಮಾರಿಗೆ ಬರೋಣ. ಹುಡುಗ ಚಿಕ್ಕಂದಿನಲ್ಲಿ ತಂದೆಯ ಪಕ್ಕ ಕುಳಿತು ಗರಗಸ ಹಿಡಿದಿದ್ದಾನೆ. ಕೈಯೂ ಪಳಗಿದೆ. ಆದರೆ ತಂದೆ ತುಂಡುಲೆಕ್ಕದ ಕೂಲಿಗೆ ದುಡಿಯುವುದನ್ನು, ಮಧ್ಯವರ್ತಿಯ ಮುಂದೆ ಮುಂಗಡಕ್ಕಾಗಿ ನಿಲ್ಲುವುದನ್ನು, ಮರದ ಹುಡಿಗೆ ಕೆಮ್ಮುವುದನ್ನು, ವಯಸ್ಸಾದಂತೆ ಕಣ್ಣು ಮಂಜಾಗುವುದನ್ನೂ ಕಂಡಿದ್ದಾನೆ. ಪಿಯುಸಿ ಮುಗಿಸಿ ಮೊಬೈಲ್ ಅಂಗಡಿಯಲ್ಲೋ ಗಲ್ಫಿನಲ್ಲೋ ತಿಂಗಳ ಸಂಬಳದ ಕೆಲಸ ಹಿಡಿಯುತ್ತಾನೆ. ಅವನನ್ನು ಏನೆನ್ನಬೇಕು?

ಪರಂಪರೆಗೆ ದ್ರೋಹ ಬಗೆದ ಎನ್ನುವವರಿದ್ದಾರೆ. ಇದನ್ನು ಹೇಳುವವರ ಮಕ್ಕಳು ಎಲ್ಲಿದ್ದಾರೆಂದು ವಿಚಾರಿಸಿದರೆ ಉತ್ತರ ಅಲ್ಲೇ ಸಿಗುತ್ತದೆ. ಅಧ್ಯಾಪಕರ ಮಗ ಇಂಜಿನಿಯರ್ ಆದರೆ ಅದು ಪ್ರಗತಿ. ಜಮೀನ್ದಾರರ ಮಗಳು ಅಮೆರಿಕಕ್ಕೆ ಹೋದರೆ ಅದು ಸಾಧನೆ. ಕುಶಲಕರ್ಮಿಯ ಮಗ ಕಸುಬು ಬಿಟ್ಟರೆ ಮಾತ್ರ ಅದು ಸಂಸ್ಕೃತಿಯ ನಾಶ. ಒಂದೇ ಆಸೆಗೆ ಎರಡು ಹೆಸರು.

ನಮ್ಮ ನಾಡಿನಲ್ಲಿ ಈ ಇಬ್ಬಗೆಯ ನೀತಿಗೆ ಒಂದು ಹಳೆಯ ಬೇರಿದೆ. 1936ರಲ್ಲಿ ಪ್ರಕಟವಾದ ‘ಜಾತಿ ವಿನಾಶ’ದಲ್ಲಿ ಅಂಬೇಡ್ಕರ್ ಅವರು, ಜಾತಿ ಎಂಬುದು ಕೆಲಸದ ಹಂಚಿಕೆಯಲ್ಲ, ಕೆಲಸಗಾರರ ವಿಭಜನೆ ಎಂದು ತೋರಿಸಿಕೊಟ್ಟರು. ಮನುಷ್ಯನ ಶಕ್ತಿ, ಅಭಿರುಚಿ ನೋಡದೆ ಅವನು ಯಾರ ಹೊಟ್ಟೆಯಲ್ಲಿ ಹುಟ್ಟಿದ ಎಂಬುದರ ಮೇಲೆ ಕೆಲಸ ಕಟ್ಟುವ ವ್ಯವಸ್ಥೆ ಅದು. ಅದಕ್ಕೂ ಎಂಟು ಶತಮಾನಗಳ ಹಿಂದೆ ನಮ್ಮ ಶರಣರು ಕಾಯಕವನ್ನು ಎತ್ತಿ ಹಿಡಿದರು, ಕುಲವನ್ನು ಪ್ರಶ್ನಿಸಿದರು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ ತಮ್ಮ ಕಸುಬಿನ ಹೆಸರನ್ನು ಹೆಮ್ಮೆಯಿಂದ ಹೊತ್ತರು; ಆದರೆ ಆ ಹೆಸರು ಅವರ ದಾರಿಗೆ ಬೇಲಿಯಾಗಲು ಬಿಡಲಿಲ್ಲ. ಒಪ್ಪಿ ಹಿಡಿದ ಕೆಲಸ ಕಾಯಕ. ಬಿಡಲಾಗದಂತೆ ಕಟ್ಟಿಹಾಕಿದ ಕೆಲಸ ಜಾತಿ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ಮುಸ್ಲಿಮರಲ್ಲಿ ಶಾಸ್ತ್ರದ ಮಟ್ಟದಲ್ಲಿ ಜಾತಿಯಿಲ್ಲ. ಆದರೂ ಈ ನೆಲದಲ್ಲಿ ಕಸುಬಿನ ಹೆಸರಿನಿಂದ ಮನೆತನಗಳನ್ನು ಅಳೆಯುವ ರೂಢಿ ನಮ್ಮಲ್ಲೂ ಇಲ್ಲವೆನ್ನುವಂತಿಲ್ಲ.

ಇದು ಹಳೆಯ ಚರ್ಚೆಯಷ್ಟೇ ಅಲ್ಲ. 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ‘ಪಿಎಂ ವಿಶ್ವಕರ್ಮ’ ಯೋಜನೆ ಆರಂಭಿಸಿತು. ಬಡಗಿ, ಕಮ್ಮಾರ, ಕುಂಬಾರ, ಶಿಲ್ಪಿ ಮೊದಲಾದ 18 ಕಸುಬುಗಳವರಿಗೆ ತರಬೇತಿ, 15,000 ರೂಪಾಯಿಯ ಉಪಕರಣ ನೆರವು, ಶೇ. 5ರ ಬಡ್ಡಿಯಲ್ಲಿ ಎರಡು ಕಂತುಗಳಲ್ಲಿ 3 ಲಕ್ಷ ರೂಪಾಯಿವರೆಗೆ ಸಾಲ ಎಂಬುದು ಅದರ ಸಾರ. ಆದರೆ ಅರ್ಜಿದಾರರು ಕುಟುಂಬದ ಸಾಂಪ್ರದಾಯಿಕ ಕಸುಬಿನಲ್ಲಿ ತೊಡಗಿದವರಾಗಿರಬೇಕು ಎಂಬ ಷರತ್ತನ್ನು ತಮಿಳುನಾಡು ಸರ್ಕಾರ ಪ್ರಶ್ನಿಸಿತು. ಇದು ಹುಟ್ಟಿನ ಕಸುಬಿಗೆ ಮತ್ತೆ ಕಟ್ಟಿಹಾಕಿದಂತಾಗುತ್ತದೆಂದು ಹೇಳಿ, ಯೋಜನೆಯನ್ನು ಇದ್ದ ರೂಪದಲ್ಲಿ ಜಾರಿಗೊಳಿಸುವುದಿಲ್ಲವೆಂದು 2024ರ ನವೆಂಬರಿನಲ್ಲಿ ತಿಳಿಸಿತು. ರಾಜಕೀಯ ಏನೇ ಇರಲಿ, ಪ್ರಶ್ನೆ ಸರಿಯಾದದ್ದು. ನೆರವು ಬೇಕಾದದ್ದು ಕಸುಬಿಗೋ, ಮನೆತನಕ್ಕೋ? ಬೀಟೆಯ ಎಳೆ ಓದುವ ಕಣ್ಣು ದಲಿತ ಹುಡುಗನಿಗೋ ಬ್ರಾಹ್ಮಣ ಹುಡುಗಿಗೋ ಇದ್ದರೆ ಅವರನ್ನು ಕಾರ್ಖಾನೆಯ ಹೊಸ್ತಿಲಲ್ಲಿ ತಡೆಯುವುದೇಕೆ? ಪರಂಪರೆ ಎಂದೊಡನೆ ನಮಗೆ ಮಗನೇ ನೆನಪಾಗುವುದೇಕೆ, ಮಗಳೇಕೆ ನೆನಪಾಗುವುದಿಲ್ಲ?

ಇಷ್ಟು ಹೇಳಿದರೆ ಹುಡುಗನ ಪರವಾಗಿ ತೀರ್ಪು ಮುಗಿಯಿತೆಂದು ತೋರಬಹುದು. ಅಷ್ಟು ಸುಲಭವಿಲ್ಲ. ಎದುರು ಪಕ್ಷದಲ್ಲೂ ಒಂದು ಸತ್ಯವಿದೆ. ಅಧ್ಯಾಪಕರ ಮಗ ಅಧ್ಯಾಪಕನಾಗದಿದ್ದರೆ ಪಾಠ ನಿಲ್ಲುವುದಿಲ್ಲ, ಸಾವಿರ ಅಧ್ಯಾಪಕರಿದ್ದಾರೆ. ಇಪ್ಪತ್ತು ವರ್ಷ ಪಳಗಿದ ಈ ಕಣ್ಣು ಮಾತ್ರ ಮುಚ್ಚಿದರೆ ಮತ್ತೆ ತೆರೆಯುವುದಿಲ್ಲ. ಪುಸ್ತಕದಿಂದ ಅದನ್ನು ಎಬ್ಬಿಸಲಾಗದು. ಆ ಹುಡುಗ ತಾನು ಕಲಿತದ್ದನ್ನು ತಾನೇ ಕಂಡುಹಿಡಿದವನಲ್ಲ. ಹೆಸರಿಲ್ಲದ ಎಷ್ಟೋ ಮಂದಿಯ ಶ್ರಮ ಅವನ ಕೈಯಲ್ಲಿದೆ. ಪಡೆದದ್ದರ ಬಗ್ಗೆ ಪಡೆದವನಿಗೆ ಯಾವ ಹೊಣೆಯೂ ಇಲ್ಲವೆನ್ನಲು ಸಾಧ್ಯವೇ?

ಹೊಣೆ ಇದೆ. ಅದರ ಸ್ವರೂಪ ಏನೆಂದು ತಿಳಿಯಲು ‘ಅಮಾನತ್’ ಎಂಬ ಪದ ನೆರವಾಗುತ್ತದೆ. ಕನ್ನಡದ ಕಚೇರಿ ಭಾಷೆಯಲ್ಲಿ ಅಮಾನತು ಎಂದರೆ ನೌಕರನನ್ನು ಕೆಲಸದಿಂದ ತಾತ್ಕಾಲಿಕವಾಗಿ ದೂರವಿಡುವುದು. ಸಹಕಾರಿ ಸಂಘಗಳಲ್ಲಿ ಅದು ಠೇವಣಿ. ಮೂಲದಲ್ಲಿ ಅದು ನಂಬಿ ಒಪ್ಪಿಸಿದ ವಸ್ತು. ನನ್ನ ಬಳಿ ಇದೆ, ಆದರೆ ನನ್ನದಲ್ಲ. ಅದನ್ನು ಹಾಳುಮಾಡಬಾರದು, ಬಚ್ಚಿಡಬಾರದು, ಕೇಳಿದಾಗ ಮರಳಿಸಬೇಕು. ಮನೆತನದ ವಿದ್ಯೆಯನ್ನು ಹೀಗೆ ನೋಡಿದರೆ ಅದು ಮನೆತನದ ಆಸ್ತಿಯಲ್ಲ, ಸಮಾಜವು ಆ ಮನೆಯಲ್ಲಿ ಇಟ್ಟ ಅಮಾನತ್ತು. ‘ಇದು ನಮ್ಮ ಮೈಸೂರಿನ ಹೆಮ್ಮೆ’ ಎಂದು ನಾವು ಹೇಳುವಾಗ ಒಪ್ಪಿಕೊಳ್ಳುವುದೂ ಅದನ್ನೇ: ಅದು ನಮ್ಮದು, ಅವರ ಮನೆಯಲ್ಲಿದೆ.

ಇಸ್ಲಾಮಿನ ಧರ್ಮಶಾಸ್ತ್ರಜ್ಞರು ಅಮಾನತ್ತಿನ ಬಗ್ಗೆ ಚರ್ಚಿಸುವಾಗ ಒಂದು ವ್ಯಾವಹಾರಿಕ ಪ್ರಶ್ನೆಯನ್ನು ಎತ್ತುತ್ತಾರೆ. ಒಬ್ಬ ತನ್ನ ಹಸುವನ್ನು ಇನ್ನೊಬ್ಬನ ಬಳಿ ಅಮಾನತ್ತಾಗಿ ಬಿಟ್ಟು ಹೋದರೆ ಅದರ ಮೇವಿನ ಖರ್ಚು ಯಾರದು? ಉತ್ತರ ಸ್ಪಷ್ಟ: ಹಸುವಿನ ಒಡೆಯನದು. ನಂಬಿಕೆಯಿಂದ ಕಾಯುವವನ ಮೇಲೆ ಕಾಯುವ ಹೊಣೆಯಿದೆ. ಸಾಕುವ ಖರ್ಚನ್ನು ಅವನ ತಲೆಗೆ ಕಟ್ಟುವಂತಿಲ್ಲ. ಈ ಸರಳ ನಿಯಮದ ಮುಂದೆ ನಮ್ಮ ‘ಈ ಕಲೆ ಉಳಿಯಬೇಕು’ ಎಂಬ ಮಾತನ್ನು ಇಟ್ಟು ನೋಡಿ. ಹಸು ನಮ್ಮದೆನ್ನುತ್ತೇವೆ. ಮೇವು ಮಾತ್ರ ಅವರು ಹಾಕಬೇಕು. ಮೇವಿಲ್ಲದೆ ಹಸು ಸತ್ತರೆ ಕಾದವನು ಬೇಜವಾಬ್ದಾರಿ ಎನ್ನುತ್ತೇವೆ.

ಮೇವು ಹಾಕುವ ಸಮಾಜ ಎಂಥದು ಎಂಬುದಕ್ಕೆ ಜಪಾನಿನ ಈಸೆ ದೇವಾಲಯ ಒಳ್ಳೆಯ ಉದಾಹರಣೆ. ಮರದಿಂದ ಕಟ್ಟಿದ ಆ ದೇವಾಲಯವನ್ನು ಇಪ್ಪತ್ತು ವರ್ಷಕ್ಕೊಮ್ಮೆ ಪಕ್ಕದ ನಿವೇಶನದಲ್ಲಿ ಹೊಸದಾಗಿ ಕಟ್ಟುವ ಪದ್ಧತಿ ಏಳನೆಯ ಶತಮಾನದ ಕೊನೆಯಲ್ಲಿ ಆರಂಭವಾಯಿತು. ಯುದ್ಧಗಳ ಕಾಲದಲ್ಲಿ ನೂರಕ್ಕೂ ಹೆಚ್ಚು ವರ್ಷ ನಿಂತುಹೋಗಿ ಮತ್ತೆ ಮುಂದುವರಿಯಿತು. 2013ರಲ್ಲಿ ನಡೆದದ್ದು 62ನೆಯ ಬಾರಿ. ಇಪ್ಪತ್ತು ವರ್ಷವೆಂದರೆ ಒಬ್ಬ ಬಡಗಿ ಕಿರಿಯನಾಗಿ ಒಮ್ಮೆ, ಹಿರಿಯನಾಗಿ ಇನ್ನೊಮ್ಮೆ ಕೈಹಚ್ಚಲು ಸಾಕಾಗುವ ಅವಧಿ. ಅಲ್ಲಿ ವಿದ್ಯೆ ಉಳಿದದ್ದು ಬಡಗಿಗಳ ಮಕ್ಕಳಿಗೆ ಬುದ್ಧಿವಾದ ಹೇಳಿದ್ದರಿಂದಲ್ಲ. ಇಂಥ ವರ್ಷ ಕೆಲಸವಿದೆ, ಮರವಿದೆ, ಸಂಭಾವನೆಯಿದೆ ಎಂದು ಖಚಿತವಾಗಿ ಗೊತ್ತಿದ್ದುದರಿಂದ. ಮೈಸೂರಿನ ಅರಮನೆ ಒಂದು ಕಾಲದಲ್ಲಿ ಮಾಡಿದ್ದೂ ಇದನ್ನೇ. ಅಲ್ಲಿ ಪರಂಪರೆಯ ಮೇಲೆ ಉಪನ್ಯಾಸವಿರಲಿಲ್ಲ, ಬಾಗಿಲಿಗೆ ಆರ್ಡರ್ ಇತ್ತು.

ಇಂದಿನ ಅರಮನೆ ನಾವೇ. ನಮ್ಮ ಮೇವು ಎಂದರೆ ಮೊದಲನೆಯದಾಗಿ ಬೆಲೆ. ಜವಳಿ ಅಂಗಡಿಯ ನಿಗದಿತ ದರಕ್ಕೆ ಮಾತಿಲ್ಲದೆ ಹಣ ಕೊಡುವವರು ಕುಶಲಕರ್ಮಿಯ ಮುಂದೆ ನಿಂತಾಗ ಚೌಕಾಸಿಗೆ ಇಳಿಯುತ್ತಾರೆ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ(ಸ)ಯವರ ಬೋಧನೆಯನ್ನು ನಾವು ವೇದಿಕೆಗಳಲ್ಲಿ ಸಾಕಷ್ಟು ಹೇಳುತ್ತೇವೆ. ಮಾರಾಟವಾದ ಮೇಲೆ ಕೊಡುತ್ತೇನೆಂದು ತಿಂಗಳುಗಟ್ಟಲೆ ಕಾಯಿಸುವ ವ್ಯಾಪಾರಿಗಳಲ್ಲಿ ಆ ಭಾಷಣ ಕೇಳಿದವರೂ ಇರುತ್ತಾರೆ. ಹಾಗೆಂದು ‘ಪಾಪ’ ಎಂದು ಕೊಳ್ಳುವುದೂ ಮೇವಲ್ಲ. ದಾನದಿಂದ ಒಂದು ಚಿತ್ರ ಮಾರಾಟವಾಗಬಹುದು, ಕಸುಬು ನಿಲ್ಲುವುದಿಲ್ಲ.

ಎರಡನೆಯದು ಮರ. ಬೀಟೆ ನಿಧಾನವಾಗಿ ಬೆಳೆಯುವ ಮರ. ಅಳಿವಿನ ಅಪಾಯದ ಪಟ್ಟಿಯಲ್ಲಿದೆ. ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತಾರಾಷ್ಟ್ರೀಯ ಒಪ್ಪಂದವಾದ ಸೈಟಿಸ್ 2017ರಿಂದ ಬೀಟೆಯ ಇಡೀ ಕುಲವನ್ನು ತನ್ನ ಪಟ್ಟಿಗೆ ಸೇರಿಸಿತು. ರಫ್ತು ಕಷ್ಟವಾಯಿತು. 2022ರಲ್ಲಿ ಪನಾಮಾದಲ್ಲಿ ನಡೆದ ಸಮ್ಮೇಳನದಲ್ಲಿ ತಲಾ 10 ಕಿಲೋಗಿಂತ ಕಡಿಮೆ ತೂಕದ ವಸ್ತುಗಳಿಗೆ ವಿನಾಯಿತಿ ದೊರೆತದ್ದು ಸಮಾಧಾನದ ಸಂಗತಿ. ಕಾಡು ಉಳಿಯಲೇಬೇಕು. ಆದರೆ ದಂತದ ಕಾಲದಲ್ಲಿ ಮಾಡಿದಂತೆ, ವಸ್ತುವನ್ನು ಮಾತ್ರ ನಿಷೇಧಿಸಿ ಕೈಗಳಿಗೆ ಏನೆಂದು ಕೇಳದೆ ಹೋಗಬಾರದು. ಮುಂದಿನ ತಲೆಮಾರಿಗೆ ಬೇಕಾಗುವ ಬೀಟೆಯನ್ನು ಇಂದು ನೆಡಬೇಕಾದವರು ಕುಶಲಕರ್ಮಿಗಳಲ್ಲ, ಸರ್ಕಾರ ಮತ್ತು ನಾವು.

ಮೂರನೆಯದು ಹೆಸರು. 1999ರ ಭೌಗೋಳಿಕ ಗುರುತಿನ ಕಾಯ್ದೆಯಡಿ ಮೈಸೂರು ಬೀಟೆ ಇನ್‌ಲೇಗೆ ಜಿಐ ನೋಂದಣಿ ದೊರೆತಿದೆ. ಅದು ಊರಿನ ಹೆಸರನ್ನು ಕಾಯುತ್ತದೆ. ಆದರೆ ಚಿತ್ರದ ಹಿಂಭಾಗದಲ್ಲಿ ಮಳಿಗೆಯ ಚೀಟಿ ಇರುತ್ತದೆಯೇ ಹೊರತು ಮಾಡಿದವನ ಹೆಸರು ಬಹುಮಟ್ಟಿಗೆ ಇರುವುದಿಲ್ಲ. ಕ್ಯಾನ್ವಾಸಿನ ಮೇಲೆ ಬರೆದವರು ಕಲಾವಿದರು, ಮರದಲ್ಲಿ ಬರೆದವರು ಕೂಲಿಗಳು ಎಂಬ ಈ ಭೇದವನ್ನು ಯಾವ ಶಾಸ್ತ್ರವೂ ಹೇಳಿಲ್ಲ. ಲೇಸರ್ ಯಂತ್ರ ತೆಳು ಹಲಗೆಯನ್ನು ಕ್ಷಣದಲ್ಲಿ ಕತ್ತರಿಸಬಲ್ಲ ಈ ಕಾಲದಲ್ಲಿ ಯಾರ ಕಣ್ಣು ಯಾವ ತುಂಡನ್ನು ಆರಿಸಿತು ಎಂಬುದಷ್ಟೇ ಬೆಲೆಯುಳ್ಳದ್ದಾಗಿ ಉಳಿಯುತ್ತದೆ. ಅದನ್ನು ಹೆಸರಿಲ್ಲದೆ ಮಾರುವುದೆಂದರೆ ಬೆಲೆಯುಳ್ಳದ್ದನ್ನೇ ಅಳಿಸಿ ಮಾರಿದಂತೆ.

ಇನ್ನೊಂದು ಮಾತನ್ನು ಇಲ್ಲಿ ಹೇಳಲೇಬೇಕು. ಮೈಸೂರಿನಲ್ಲಿ ಈ ಕೆಲಸದಲ್ಲಿ ತೊಡಗಿದವರಲ್ಲಿ ಮುಸ್ಲಿಮರು ಬಹಳ ಮಂದಿ. ಕೃಷ್ಣನ ನವಿಲುಗರಿಗೆ, ಗಣಪನ ಸೊಂಡಿಲಿಗೆ ತಕ್ಕ ಮರ ಹುಡುಕುವ ಕೈಗಳು ಅವರವು. ಜೀವಿಗಳ ಚಿತ್ರ ಬಿಡಿಸುವ ಕುರಿತು ಮುಸ್ಲಿಮರಲ್ಲೇ ಭಿನ್ನಾಭಿಪ್ರಾಯವಿದೆ. ಆ ಚರ್ಚೆ ಅವರವರ ಆತ್ಮಸಾಕ್ಷಿಗೆ ಬಿಟ್ಟದ್ದು. ಗಮನಿಸಬೇಕಾದ್ದು ಇಷ್ಟೇ: ಆ ಚಿತ್ರವನ್ನು ಪ್ರೀತಿಯಿಂದ ಗೋಡೆಗೆ ಹಾಕಿಕೊಂಡ ಮನೆ, ಅದನ್ನು ಮಾಡಿದ ಮನೆಯನ್ನು ಅಪನಂಬಿಕೆಯಿಂದ ನೋಡುವ ದಿನಗಳನ್ನೂ ನಾವು ಕಂಡಿದ್ದೇವೆ. ನಂಬಿ ಒಪ್ಪಿಸಿದ್ದಕ್ಕೆ ಅಮಾನತ್ ಎಂದು ಹೆಸರು. ನಂಬಿಕೆಯನ್ನೇ ಹಿಂದೆಗೆದುಕೊಂಡು ವಿದ್ಯೆಯನ್ನು ಮಾತ್ರ ಕಾಯಿರಿ ಎನ್ನುವುದು ಹೇಗೆ?

ಹಾಗಾದರೆ ಆ ಹುಡುಗನ ಪಾಲಿಗೆ ಉಳಿಯುವ ಹೊಣೆ ಯಾವುದು? ಜೀವಮಾನವಿಡೀ ಗರಗಸ ಹಿಡಿಯುವುದಲ್ಲ. ತಾನು ಕಲಿತದ್ದನ್ನು ಕಲಿಯಲು ಬಂದವರಿಂದ ಬಚ್ಚಿಡದಿರುವುದು. ‘ನಮ್ಮ ಮನೆಯ ಗುಟ್ಟು’ ಎಂದು ತಂಗಿಗೂ ಕಲಿಸದೆ, ನೆರೆಯವನಿಗೂ ಕಲಿಸದೆ ತನ್ನೊಡನೆ ಮಣ್ಣಿಗೆ ಒಯ್ಯದಿರುವುದು. ಇದು ಚಿಕ್ಕ ಹೊಣೆಯಲ್ಲ. ಆದರೆ ಹೊರಬಹುದಾದ ಹೊಣೆ. ಉಳಿದದ್ದನ್ನು ಹೊರಬೇಕಾದವರು ಹಸು ತಮ್ಮದೆಂದು ಹೇಳಿಕೊಳ್ಳುವವರು.

ತನ್ನ ಕೈದುಡಿಮೆಯಿಂದ ಉಣ್ಣುವ ಅನ್ನಕ್ಕಿಂತ ಉತ್ತಮವಾದುದಿಲ್ಲ, ದಾವೂದ್(ಅ) ಹಾಗೆಯೇ ಉಣ್ಣುತ್ತಿದ್ದರು ಎಂಬ ಪ್ರವಾದಿ ವಚನ ಪ್ರಸಿದ್ಧವಾದದ್ದು. ನಾವು ಅದನ್ನು ಕೈದುಡಿಮೆಯ ಹೊಗಳಿಕೆಯಾಗಿ ಮಾತ್ರ ಓದುತ್ತೇವೆ. ಅದರಲ್ಲಿ ಅನ್ನದ ಮಾತೂ ಇದೆ. ಕೈ ದುಡಿದರೆ ಅನ್ನ ಹುಟ್ಟಬೇಕು. ಅನ್ನ ಹುಟ್ಟದ ದುಡಿಮೆಯನ್ನು ಇನ್ನೊಬ್ಬರ ಮಗನಿಗೆ ಪರಂಪರೆಯೆಂದು ಉಪದೇಶಿಸುವ ಹಕ್ಕು ನಮಗೆ ಯಾರೂ ಕೊಟ್ಟಿಲ್ಲ.